ಒದ್ದೆ ಬಟ್ಟೆಯ ಬಣ್ಣ

ಅವರ ಮಗಳು ವಡೋದರಾದಿಂದ ಫೋನು ಮಾಡಿದ್ದು ಕಳೆದ ಶುಕ್ರವಾರ ಬೆಳಿಗ್ಗೆ, ನನ್ನ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ. ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲೇ ಆದ್ದರಿಂದ ಆಕೆಯ ಕನ್ನಡ ಸ್ವಲ್ಪ ಕುಂಟುತ್ತದೆ. "ಅಂಕಲ್, ಪಪ್ಪಾ ನಹೀ ರಹೇ. ಇವತ್ತು ಬೆಳಿಗ್ಗೆ ಹೋದ್ರು. ನಿಮಗೆ ಹೇಳ್ಬೇಕು ಅಂತ ಮೊದಲೇ ಹೇಳಿ ಇಟ್ಟಿದ್ರು," ಎಂದಳು. ನಾನು ಒಂದು ಕೈಯಲ್ಲಿ ಗಿರಾಕಿಗೆ ಚಿಲ್ಲರೆ ಕೊಡುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು "ಹೌದಾ, ಹೌದಾ" ಎಂದೆ. ಅಷ್ಟೇ ಬಾಯಿಗೆ ಬಂದದ್ದು. ಫೋನು ಇಟ್ಟ ಮೇಲೆ ಕಿಟಕಿ ಪಕ್ಕದ ಮೇಜಿನ ಕಡೆ ನೋಡಿದೆ. ಆರು ವರ್ಷಗಳಿಂದ ಅಲ್ಲಿ ಯಾರ್ಯಾರೋ ಕೂತು ತಿಂದು ಹೋಗುತ್ತಿದ್ದಾರೆ. ನನ್ನ ಮಟ್ಟಿಗೆ ಅದು ಈಗಲೂ ಅವರ ಮೇಜು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಸೂರತ್ತಿನ ಈ ಉಧ್ನಾದಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಅವರು 'ಮಾಸ್ಟರ್'. ಶಾಲೆಯ ಮಾಸ್ಟರಲ್ಲ, ಸೀರೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕಲರ್ ಮಾಸ್ಟರು. ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂದು ಚೀಟಿ ಬರೆದುಕೊಡುವುದು ಅವರ ಕೆಲಸ. ಮಂಗಳೂರು ಕಡೆಯ ಪ್ರೊಟೆಸ್ಟಂಟ್ ಕ್ರೈಸ್ತರು. ಅಜ್ಜ ನೇಯ್ಗೆಯವರು, ಅಪ್ಪ ನೂಲಿಗೆ ಬಣ್ಣ ಹಾಕುವವರು, ಇವರು ಸೂರತ್ತಿಗೆ ಬಂದು ಅದೇ ಬಣ್ಣದಲ್ಲಿ ಮುಳುಗಿದರು. ಉಗುರಿನ ಸಂದಿಯಲ್ಲಿ ಸದಾ ಒಂದು ಬಣ್ಣ ಇರುತ್ತಿತ್ತು. ನನ್ನ ಹೋಟೆಲಿನ ಸಾಂಬಾರು ಕೈಗೆ ಅಂಟಿದರೆ, "ಇದಕ್ಕಿಂತ ಪಕ್ಕಾ ಬಣ್ಣ ನಮ್ಮ ಮಿಲ್ಲಿನಲ್ಲಿ ಇಲ್ಲ ಭಟ್ರೇ" ಎಂದು ಛೇಡಿಸುತ್ತಿದ್ದರು. ನಾನು ಭಟ್ಟನಲ್ಲ. ಕುಂದಾಪುರದ ಕಡೆಯವನು, ನಮ್ಮ ಉಪನಾಮ ಬೇರೆ. ಎಷ್ಟು ಸಲ ತಿದ್ದಿದರೂ ಜನಿವಾರ ಹಾಕಿ ಇಡ್ಲಿ ಮಾರುವವರೆಲ್ಲ ಅವರಿಗೆ ಭಟ್ಟರೇ.

ಪ್ರತಿ ಭಾನುವಾರ ಚರ್ಚು ಮುಗಿಸಿ ಹತ್ತೂವರೆಗೆ ಬರುತ್ತಿದ್ದರು. ಚರ್ಚಿನಲ್ಲಿ ಎಲ್ಲವೂ ಗುಜರಾತಿಯಲ್ಲಿ. ಇವರು ಮಾತ್ರ ಗುಜರಾತಿ ರಾಗಕ್ಕೆ ತಮ್ಮ ಕನ್ನಡ ಹಾಡನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರಂತೆ. "ದೇವರಿಗೆ ಎರಡೂ ಬರ್ತದೆ, ನನಗೆ ಒಂದೇ" ಎನ್ನುತ್ತಿದ್ದರು. ಟ್ಯೂಬ್‌ಲೈಟಿನ ಕೆಳಗೆ ಎಂದೂ ಕೂರುತ್ತಿರಲಿಲ್ಲ. ಕಿಟಕಿಯ ಮೇಜೇ ಆಗಬೇಕು. ಅಲ್ಲಿ ಯಾರಾದರೂ ತಿನ್ನುತ್ತಿದ್ದರೆ ಏಳುವ ತನಕ ಬಾಗಿಲ ಬಳಿ ನಿಲ್ಲುವರು. ಕೂತ ಮೇಲೆ ಅಂಗಿಯ ಜೇಬಿನಿಂದ ಬೆರಳಗಲದ ಬಟ್ಟೆಯ ತುಂಡುಗಳನ್ನು ತೆಗೆದು ಬೆಳಕಿಗೆ ಹಿಡಿದು ನೋಡುವರು. ಹಿಂದಿನ ದಿನ ಬಣ್ಣ ಹಾಕಿದ ಸ್ಯಾಂಪಲ್ಲುಗಳು.

"ನಿನ್ನೆಯೇ ನೋಡಬಹುದಿತ್ತಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಒದ್ದೆ ಇರುವಾಗ ನೋಡ್ಬಾರ್ದು ಮಾರಾಯ್ರೆ. ಒದ್ದೆ ಬಟ್ಟೆಯ ಬಣ್ಣ ಯಾವಾಗ್ಲೂ ಗಾಢವಾಗಿ ಕಾಣ್ತದೆ. ಒಣಗಿದ ಮೇಲೆ ಅರ್ಧಕ್ಕರ್ಧ ಇಳೀತದೆ. ಒದ್ದೆ ನೋಡಿ ಓಕೆ ಮಾಡಿದ್ರೆ ಇಡೀ ಲಾಟು ಹಾಳು."

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಅವರ ಧರ್ಮದ ಮಾತೂ ಇದೇ ಪದ್ಧತಿಯಲ್ಲಿ ನಡೆಯುತ್ತಿತ್ತು. ತಾನು ಯೇಸುವಿನವನು ಎಂಬುದನ್ನು ಅವರು ಎಂದೂ ಅಡಗಿಸಿದವರಲ್ಲ. ನೀರುದೋಸೆಯ ತಟ್ಟೆ ಮುಂದೆ ಬಂದಾಗ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿಯೇ ಕೈ ಹಾಕುತ್ತಿದ್ದರು. ಆದರೆ ತಾವಾಗಿ ಯಾರ ಬಳಿಯೂ ಹೋಗಿ ಉಪದೇಶಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ. ಯಾರಾದರೂ ಕಷ್ಟದಲ್ಲಿ ಬಂದು "ನಿಮ್ಮ ದೇವರ ಬಗ್ಗೆ ಹೇಳಿ" ಎಂದು ಕೇಳಿದರೆ, ಹೆಸರು ಕೇಳುವರು, ಚಹಾ ತರಿಸುವರು, ಕಷ್ಟವನ್ನು ಪೂರ್ತಿ ಕೇಳುವರು. ಕೊನೆಗೆ, "ಮುಂದಿನ ಆದಿತ್ಯವಾರ ಇದನ್ನೇ ಮತ್ತೆ ಕೇಳಿ. ಆಗ ಹೇಳ್ತೇನೆ" ಎನ್ನುವರು.

ನನಗೆ ಇದು ವಿಚಿತ್ರವಾಗಿ ಕಂಡಿತ್ತು. ಅಂಗಡಿಗೆ ಬಂದ ಗಿರಾಕಿಯನ್ನು ನಾಳೆ ಬಾ ಎಂದು ಕಳಿಸುವುದುಂಟೇ? ಕೇಳಿಯೂ ಬಿಟ್ಟೆ. ಅವರು ನಗಲಿಲ್ಲ.

"ಅಳುವವನ ಹತ್ತಿರ ಏನು ಬೇಕಾದ್ರೂ ಹೌದು ಅನ್ನಿಸ್ಬಹುದು ಭಟ್ರೇ. ಹಾಗೆ ಹೌದು ಅಂದವನನ್ನು ಯೇಸುಸ್ವಾಮಿಯ ಹತ್ರ ಕರ್ಕೊಂಡು ಹೋಗ್ಲಿಕ್ಕೆ ನನಗೆ ನಾಚಿಕೆ ಆಗ್ತದೆ. ವಾರ ಕಳೆದ ಮೇಲೂ ಪ್ರಶ್ನೆ ಉಂಟು ಅಂತಾದ್ರೆ, ಅದು ಅವನದ್ದೇ ಪ್ರಶ್ನೆ."

"ಬಾರದೇ ಹೋದರೆ?"

"ಕೆಲವರು ಬರುವುದಿಲ್ಲ. ಅವರ ಮುಖ ಮಾತ್ರ ನೆನಪಿರ್ತದೆ," ಎಂದು ಬಟ್ಟೆಯ ತುಂಡುಗಳನ್ನು ಜೇಬಿಗೆ ಸೇರಿಸಿದರು.

ಬಂದವರೂ ಇದ್ದರು. ಇದೇ ಊರಿನ ವರಾಛಾ ಬಡಾವಣೆಯಲ್ಲಿ ವಜ್ರ ಉಜ್ಜುತ್ತಿದ್ದ, ಕೆಲಸ ಕಳೆದುಕೊಂಡ ನಡುವಯಸ್ಸಿನ ಒಬ್ಬ ಗುಜರಾತಿ ಮನುಷ್ಯ ನನಗೆ ಚೆನ್ನಾಗಿ ನೆನಪಿದ್ದಾನೆ. ಮೊದಲ ವಾರ ಬಂದಾಗ ಅವನ ಪ್ರಶ್ನೆ ನೇರವಾಗಿತ್ತು: ನಿಮ್ಮ ದೇವರಿಗೆ ಬೇಡಿಕೊಂಡರೆ ಕೆಲಸ ಸಿಗುತ್ತದೆಯೇ? ಅವನು ಹೋಗದ ಗುಡಿಯಿರಲಿಲ್ಲ, ಕಟ್ಟದ ಹರಕೆಯಿರಲಿಲ್ಲ. ಮಾಸ್ಟರು ಎಂದಿನಂತೆ ಮುಂದಿನ ವಾರಕ್ಕೆ ಕಳಿಸಿದರು. ಅವನು ಬಂದ. ಪ್ರಶ್ನೆ ಬದಲಾಗಿತ್ತು. ಕೆಲಸವಿದ್ದಾಗ ಜೊತೆಯವನ ಮೇಲೆ ಚಾಡಿ ಹೇಳಿ ಅವನ ಜಾಗ ಹಿಡಿದಿದ್ದೆ, ಅದರ ಫಲವೇ ಇದು ಅನಿಸುತ್ತದೆ, ಇದರಿಂದ ಬಿಡುಗಡೆ ಉಂಟೇ ಎಂದು ಕೇಳಿದ. ಆಗ ಮಾಸ್ಟರು ಕುರ್ಚಿ ಹತ್ತಿರ ಎಳೆದುಕೊಂಡು ತಮ್ಮದೇ ಕಥೆ ಹೇಳಿದರು. ಹರಕು ಗುಜರಾತಿ, ಮುರುಕು ಹಿಂದಿ. ನಾನು ಗಲ್ಲಾದಲ್ಲಿ ಕೂತು ಪ್ರತಿ ಮಾತನ್ನೂ ಕೇಳಿಸಿಕೊಂಡೆ.

ಅವರು ಒಂದು ಕಾಲದಲ್ಲಿ ಕುಡಿಯುತ್ತಿದ್ದರಂತೆ. ಕುಡಿದ ಅಮಲಿನಲ್ಲಿ ಒಂದು ದಿನ ಚೀಟಿ ತಪ್ಪು ಬರೆದರು. ಒಂದಿಡೀ ಲಾಟಿನ ಸೀರೆ ಹಾಳಾಯಿತು. ಮಾಲೀಕ ಕೇಳಿದಾಗ ಮೆಷಿನ್ನಿನ ಮೇಲಿದ್ದ ಒಡಿಶಾದ ಕೆಲಸಗಾರನನ್ನು ತೋರಿಸಿದರು. ಅವನನ್ನು ಆ ದಿನವೇ ಕಳಿಸಿಬಿಟ್ಟರು. ಅವನು ಚೀಲ ಹಿಡಿದು ಹೋದದ್ದನ್ನು ಇವರು ಮೇಲಿನಿಂದ ನೋಡುತ್ತ ನಿಂತಿದ್ದರು. "ನಾನು ಹುಟ್ಟಿದ್ದೇ ಕ್ರೈಸ್ತನಾಗಿ. ಆದರೆ ಯೇಸು ನನಗೆ ಬೇಕು ಅಂತ ಗೊತ್ತಾದದ್ದು ಅದಾದ ಮೇಲೆ," ಎಂದರು. ಕುಡಿತ ಬಿಟ್ಟರು. ಆದರೂ ಸುಮ್ಮನೆ ಕೂರಲು ಆಗಲಿಲ್ಲ. ರಜೆ ಹಾಕಿ, ವಿಳಾಸ ಹುಡುಕಿ, ರೈಲು ಹತ್ತಿ ಅವನ ಊರಿಗೆ ಹೋದರು. ಅವನು ಸತ್ತು ವರ್ಷವಾಗಿತ್ತು. ಮನೆಯ ಹೆಂಗಸು ಒಂದು ಚೊಂಬು ನೀರು ಕೊಟ್ಟು ಯಾರೆಂದು ಕೇಳಿದಳು. ಇವರು ಹೇಳಿದರು, ಏನು ಮಾಡಿದೆನೆಂಬುದನ್ನೂ ಹೇಳಿದರು. ಆಕೆ ಚೊಂಬನ್ನು ತೆಗೆದುಕೊಂಡು ಹೋಗಿ ಮತ್ತೆ ನೀರು ತುಂಬಿ ತಂದಳು.

ವಜ್ರದವನು ಕೇಳಿದ: ಹಾಗಾದರೆ ಕ್ಷಮೆ ಸಿಗಲಿಲ್ಲವಲ್ಲ, ಅವನು ಸತ್ತೇ ಹೋಗಿದ್ದನಲ್ಲ?

"ಸತ್ತವನ ಬಾಯಿಂದ ಕೇಳಿಸ್ಕೊಳ್ಳಲಿಕ್ಕೆ ಆಗುವುದಿಲ್ಲ ಭಾಯಿ. ಆದರೆ ಸತ್ತು ಎದ್ದವನೊಬ್ಬ ಇದ್ದಾನೆ. ಅವನು ನನ್ನನ್ನೂ ಬಲ್ಲ, ಆ ಒಡಿಶಾದವನನ್ನೂ ಬಲ್ಲ. ಇಬ್ಬರ ಹತ್ತಿರವೂ ಅವನಿಗೆ ಹೋಗ್ಲಿಕ್ಕೆ ಆಗ್ತದೆ. ನಾನು ಅವನ ಕಾಲು ಹಿಡಿದೆ. ಬರುವಾಗ ರೈಲಿನಲ್ಲಿ, ಬಹಳ ವರ್ಷದ ನಂತರ, ನನಗೆ ನಿದ್ದೆ ಬಂತು."

ಇದನ್ನು ಹೇಳುವಾಗ ಮಾಸ್ಟರ ಧ್ವನಿ ಎತ್ತರಕ್ಕೆ ಹೋಗಲಿಲ್ಲ. ಬಣ್ಣದ ಚೀಟಿ ವಿವರಿಸುವಂತೆಯೇ ಹೇಳಿದರು. ಆ ಗುಜರಾತಿ ಆಮೇಲೂ ಒಂದೆರಡು ತಿಂಗಳು ಬರುತ್ತಿದ್ದ. ಅವನು ಚರ್ಚಿಗೆ ಸೇರಿದನೋ ಗುಡಿಗೇ ಹೋಗುತ್ತಿದ್ದನೋ ನನಗೆ ಗೊತ್ತಿಲ್ಲ. ಮಾಸ್ಟರನ್ನು ಕೇಳಿದರೆ, "ನಾನು ಹೇಳಿಯಾಯ್ತು. ಇನ್ನು ಅವನೂ ದೇವರೂ ಮಾತಾಡ್ಕೊಳ್ಳಲಿ" ಎಂದಷ್ಟೇ ಹೇಳಿದರು.

ಇಷ್ಟು ಹೊತ್ತು ಅವರ ಗುಣವನ್ನು ಹೇಳಿದೆ. ಇನ್ನು ನನ್ನದು ಹೇಳಬೇಕು.

ನನ್ನ ಅತ್ತೆ, ಎಂದರೆ ಹೆಂಡತಿಯ ತಾಯಿ, ಕೊನೆಯ ಎರಡು ವರ್ಷ ನಮ್ಮ ಜೊತೆಗಿದ್ದರು. ಹೋಟೆಲಿನ ಮೇಲೆಯೇ ನಮ್ಮ ಮನೆ. ಅವರಿಗೆ ಮರೆವು ಬಂದಿತ್ತು. ಹತ್ತು ನಿಮಿಷಕ್ಕೊಮ್ಮೆ ಮಗಳನ್ನು ಕರೆಯುವುದು, ಹೋದರೆ ಯಾಕೆ ಕರೆದೆನೆಂದು ತಿಳಿಯದೆ ಮುಖ ನೋಡುವುದು. ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿಸಿ ನನ್ನ ಹೆಂಡತಿ ಮೇಲೆ ಹೋದಾಗ ಅವರು ಮೆಟ್ಟಿಲಿನ ಬಾಗಿಲ ಬಳಿ ಬಿದ್ದಿದ್ದರು. ಉಸಿರು ಇರಲಿಲ್ಲ. ಎಂಬತ್ತು ದಾಟಿದ ಜೀವ, ಪುಣ್ಯದ ಸಾವು ಎಂದರು ಎಲ್ಲರೂ. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಅವಳು ಮಾತ್ರ ಆವತ್ತಿನಿಂದ ಬೇರೆಯೇ ಆದಳು. ಊರಿಗೆ ಹೋಗಿ ಎಲ್ಲ ಕರ್ಮಗಳನ್ನೂ ಸಾಂಗವಾಗಿ ಮಾಡಿಸಿ ಬಂದೆವು. ಅವಳಿಗೆ ಸಮಾಧಾನ ಆಗಲಿಲ್ಲ. ಪಕ್ಕದ ಮನೆಯವರ ಜೊತೆ ಸತ್ಸಂಗಕ್ಕೆ ಹೋದಳು. ಜ್ಯೋತಿಷಿಗೆ ತೋರಿಸಿದಳು. ಒಂದೊಂದು ಕಡೆ ಹೋದಾಗಲೂ ಎರಡು ದಿನ ಮುಖ ಗೆಲುವಾಗುವುದು, ಮೂರನೆಯ ದಿನ ಮತ್ತೆ ಅದೇ. ಏನಾಯಿತು ಎಂದು ಕೇಳಿದರೆ, "ಎಂತದೂ ಇಲ್ಲ" ಎನ್ನುತ್ತಿದ್ದಳು. ನಾನು ಎರಡು ಸಲ ಕೇಳಿದೆ, ಮೂರನೆಯ ಸಲ ಕೇಳಲಿಲ್ಲ. ಹೋಟೆಲಿನ ಕೆಲಸ ಇತ್ತಲ್ಲ.

ಒಂದು ಭಾನುವಾರ ನಾನೇ ಮಾಸ್ಟರ ನೀರುದೋಸೆಯ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಟಿದ್ದೆ. ಬಾಗಿಲ ಪರದೆಯ ಹಿಂದೆಯೇ ನಿಂತುಬಿಟ್ಟೆ. ನನ್ನ ಹೆಂಡತಿ ಅವರ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಗಿರಾಕಿಗಳ ಎದುರು ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಅಮ್ಮ ಕರೀತಾ ಇದ್ದರು ಮಾಸ್ಟ್ರೇ. ನಾನು ಕೆಳಗಿಂದಲೇ 'ಬಂದೆ' ಅಂದೆ. ಗಿರಾಕಿಗಳಿಗೆ ಕೇಳ್ತದೆ ಅಂತ ಮೆಟ್ಟಿಲಿನ ಬಾಗಿಲು ಹಾಕಿ ಚಿಲಕ ಹಾಕಿದೆ. ಮತ್ತೂ ಕರೀತಾ ಇದ್ದರು. ನನಗೆ ಕೇಳ್ತಾ ಇತ್ತು. ಆಮೇಲೆ ಕೇಳಲಿಲ್ಲ. ಸುಮ್ಮನಾದರಲ್ಲ ಅಂತ ನನಗೆ ಖುಷಿ ಆಯಿತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾಗಿಲವರೆಗೆ ಬಂದಿದ್ದರು. ಚಿಲಕ ಹಾಕದಿದ್ದರೆ ಕೆಳಗೆ ಬರ್ತಿದ್ದರು. ಈಗ ಯಾರ ಹತ್ತಿರ ಕ್ಷಮೆ ಕೇಳುವುದು? ನಿಮ್ಮ ದೇವರು ಕ್ಷಮಿಸ್ತಾನೆ ಅಂತೀರಲ್ಲ, ಸತ್ತವರಿಗೆ ಮಾಡಿದ್ದನ್ನೂ ಕ್ಷಮಿಸ್ತಾನಾ?"

ಮಾಸ್ಟರ ಕಣ್ಣು ತುಂಬಿದ್ದು ಪರದೆಯ ಹಿಂದಿದ್ದ ನನಗೂ ಕಂಡಿತು. ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು, ಅದೂ ನನಗೆ ಗೊತ್ತಿತ್ತು. ಆದರೂ ಅವರು ತಮ್ಮ ಪದ್ಧತಿ ಬಿಡಲಿಲ್ಲ. "ಅಮ್ಮಾ, ಮುಂದಿನ ಆದಿತ್ಯವಾರ ಇದನ್ನೇ ಮತ್ತೆ ಕೇಳಿ. ನಾನು ಖಂಡಿತ ಬರ್ತೇನೆ, ಖಂಡಿತ ಹೇಳ್ತೇನೆ," ಎಂದರು.

ಆ ವಾರವೇ ಅಹಮದಾಬಾದಿನ ಚಾಂದ್‌ಖೇಡಾದಲ್ಲಿರುವ ನನ್ನ ಅಣ್ಣ ಫೋನು ಮಾಡಿದ. ಅವನಿರುವ ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ ಊರಿನವರೆಲ್ಲ ಸೇರುತ್ತಾರೆ, ಸುದ್ದಿಗೆ ಬರವಿಲ್ಲ. "ನಿನ್ನ ಹೋಟ್ಲಲ್ಲಿ ಕ್ರಿಶ್ಚಿಯನ್ ಪ್ರಚಾರ ನಡೀತಿತ್ತ್ ಅಂಬ್ರಲ್ಲ. ಕಾಲ ಸಮ ಇಲ್ಲ, ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಹೋಟ್ಲ್ ಮುಚ್ಕ್ ಕೂರ್ಕಾತ್ತ್" ಎಂದ. ಅವನ ಮಾತಿನಿಂದ ನನಗೆ ಹೆದರಿಕೆಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆರು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ನಿಜ ಅದಲ್ಲ. ನಿಜ ಎಂದರೆ ನನಗೆ ಹೊಟ್ಟೆಕಿಚ್ಚು. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದ ನನಗೆ ಹೇಳದ ಮಾತನ್ನು ಅವಳು ಮಾಸ್ಟರಿಗೆ ಹೇಳಿದ್ದಳು. ಅವಳಿಗೆ ಸಮಾಧಾನ ಸಿಗುವುದಾದರೆ ಅದು ಆ ಮೇಜಿನಿಂದ ಸಿಗಬಾರದು ಎಂದು ನನ್ನ ಮನಸ್ಸಿನಲ್ಲಿ ಬಂದದ್ದು ಹೌದು.

ಶನಿವಾರ ಮಿಲ್ಲಿನ ಗೇಟಿಗೆ ಹೋದೆ. ಅವರು ಕೈ ಒರೆಸಿಕೊಳ್ಳುತ್ತ ಬಂದರು. ಬೆರಳೆಲ್ಲ ನೀಲಿ.

"ಮಾಸ್ಟ್ರೇ, ನನ್ನ ಹೆಂಡತಿ ಏನೋ ಕೇಳಿದ್ದಳಂತೆ. ಈಗ ಅವಳ ಮನಸ್ಸು ಸರಿಯಾಗಿದೆ. ಆ ಮಾತು ಇನ್ನು ಬೇಡ ಅಂತಿದ್ದಾಳೆ. ನೀವು ಎದುರಿಗೆ ಬಂದರೆ ಅವಳಿಗೆ ಸಂಕೋಚ. ಸ್ವಲ್ಪ ದಿನ..." ಎಂದು ನಿಲ್ಲಿಸಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಅಮ್ಮನವರೇ ಹೇಳಿದ್ರಾ?"

"ಹೌದು."

"ಹಾಗಾದ್ರೆ ಸರಿ ಭಟ್ರೇ. ನಾನು ಬರುವುದಿಲ್ಲ. ಅವರಿಗೆ ಸಮಾಧಾನ ಆಯ್ತಲ್ಲ, ಅಷ್ಟೇ ಬೇಕಾದ್ದು." ಸ್ವಲ್ಪ ದೂರ ಹೋಗಿ ತಿರುಗಿ, "ಯಾವಾಗ ಬೇಕಾದ್ರೂ ಒಂದು ಫೋನು ಮಾಡ್ಲಿಕ್ಕೆ ಹೇಳಿ," ಎಂದರು. ನಾನು ಅದನ್ನೂ ಹೇಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮರುದಿನ ಬಂದು ವಿಚಾರಿಸುತ್ತಿದ್ದರು, ನನ್ನ ಸುಳ್ಳು ಅಲ್ಲಿಗೇ ಬಯಲಾಗುತ್ತಿತ್ತು. ಬೇಡ ಎಂದವರ ಹಿಂದೆ ಅವರು ಹೋಗುವವರಲ್ಲ ಎಂಬುದು ನನಗೆ ಗೊತ್ತಿದ್ದರಿಂದಲೇ ಅಷ್ಟು ಧೈರ್ಯವಾಗಿ ಸುಳ್ಳು ಹೇಳಿದೆ.

ಮರುದಿನ ನನ್ನ ಹೆಂಡತಿ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಸೀರೆ ಉಟ್ಟು ಕೆಳಗೆ ಬಂದಳು. ಕಿಟಕಿಯ ಮೇಜನ್ನು ತಾನೇ ಒರೆಸಿದಳು. ಹತ್ತೂವರೆ ಆಯಿತು, ಹನ್ನೊಂದೂವರೆ ಆಯಿತು. ಊಟದ ಹೊತ್ತಿಗೆ ಒಂದು ಗುಜರಾತಿ ಕುಟುಂಬ ಬಂದು ಅಲ್ಲಿ ಕೂತಿತು. ಅವಳು ಒಳಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತಳು. ಅಲ್ಲಿಂದ ಮುಂದೆ ಸತ್ಸಂಗಕ್ಕೂ ಹೋಗಲಿಲ್ಲ, ಜ್ಯೋತಿಷಿಯ ಮಾತೂ ಎತ್ತಲಿಲ್ಲ. ಹುಡುಕಾಟ ನಿಂತಿತು, ಎಲ್ಲ ಸರಿಹೋಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಕೆಲವೇ ತಿಂಗಳಲ್ಲಿ ಮಾಸ್ಟರು ನಿವೃತ್ತರಾಗಿ ಮಗಳ ಜೊತೆ ವಡೋದರಾಕ್ಕೆ ಹೋದರೆಂದು ಮಿಲ್ಲಿನವರಿಂದ ತಿಳಿಯಿತು.

ಕಳೆದ ಶನಿವಾರ ಹೆಂಡತಿಗೆ ಸುದ್ದಿ ಹೇಳಿ ನಾನೊಬ್ಬನೇ ಅವರ ಮಣ್ಣಿಗೆ ಹೋಗಿ ಬಂದೆ. ಪೆಟ್ಟಿಗೆಯೊಳಗೆ ಅವರ ಉಗುರುಗಳು ಬೆಳ್ಳಗಿದ್ದವು. ಅದೊಂದೇ ನನಗೆ ಗುರುತು ಸಿಗದಂತೆ ಮಾಡಿತು. ಮಗಳು ಹೊರಗೆ ಬಂದು ಕೇಳಿದಳು. "ಹೋಟೆಲ್ ವಾಲೀ ಆಂಟಿ ಹೇಗಿದ್ದಾರೆ ಅಂಕಲ್? ಪಪ್ಪಾ ರೋಜ್ ಊಟದ ಮೊದಲು ಅವರಿಗಾಗಿ ಪ್ರಾರ್ಥನೆ ಮಾಡ್ತಿದ್ರು. ಯಾಕೆ ಅಂತ ಕೇಳಿದ್ರೆ ಹೇಳ್ತಿರಲಿಲ್ಲ. ಬಸ್, ಅವರಿಗೆ ಸಮಾಧಾನ ಕೊಟ್ಟಿದ್ದಕ್ಕೆ ದೇವರಿಗೆ ಥ್ಯಾಂಕ್ಸ್, ಅದು ಹಾಗೇ ಇರಲಿ ಅಂತ." ಆರು ವರ್ಷ, ಪ್ರತಿ ಊಟಕ್ಕೆ ಮುಂಚೆ, ನಾನು ಹೇಳಿದ ಸುಳ್ಳನ್ನು ನಂಬಿ ಅವರು ದೇವರಿಗೆ ಕೃತಜ್ಞತೆ ಹೇಳಿದ್ದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಮರುದಿನ ಭಾನುವಾರ. ಹತ್ತೂವರೆಯ ಸುಮಾರಿಗೆ ನನ್ನ ಹೆಂಡತಿ ಕಿಟಕಿಯ ಮೇಜಿನಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ತಾನಾಗಿಯೇ ಮಾಸ್ಟರ ಮಾತು ತೆಗೆದಳು.

"ಹ್ವಾಯ್, ನಾನ್ ಅವ್ರ್ ಹತ್ರ ಒಂದ್ ಕೇಂಡಿದ್ದೆ. ಬತ್ತೆ ಅಂದ್ರ್, ಬರ್ಲಿಲ್ಲ. ಅದ್ಕೆ ಕ್ಷಮೆ ಇಲ್ಲ ಅಂಬ್ದ್ ಅವ್ರಿಗೆ ಗೊತ್ತಿತ್ತ್ ಕಾಣಿ. ಒಳ್ಳೆ ಜನ, ಮುಖದ್ ಎದ್ರಿಗೆ ಹೇಳುಕೆ ಮನ್ಸ್ ಬರ್ಲಿಲ್ಲ."

ಆರು ವರ್ಷ ಅವಳು ಇದನ್ನು ನಂಬಿಕೊಂಡಿದ್ದಳು. ಅವಳಿಗೆ ಸಮಾಧಾನವಾಯಿತು ಎಂದು ಅವರು ನಂಬಿದ್ದರು. ನಡುವೆ ನಾನು ಗಲ್ಲಾದಲ್ಲಿ ಕೂತಿದ್ದೆ.

ಹೇಳಿದೆ. ಪರದೆಯ ಹಿಂದೆ ನಿಂತದ್ದು, ಮಿಲ್ಲಿನ ಗೇಟು, ಹೊಟ್ಟೆಕಿಚ್ಚು, ಫೋನು ಮಾಡಲು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಒಡಿಶಾದ ಕೆಲಸಗಾರನ ಕಥೆಯನ್ನೂ, ಸತ್ತು ಎದ್ದವನೊಬ್ಬ ಇಬ್ಬರನ್ನೂ ಬಲ್ಲ ಎಂದ ಮಾತನ್ನೂ ನೆನಪಿದ್ದಷ್ಟು ಹೇಳಿದೆ. ಅವರ ಬಾಯಲ್ಲಿ ಬಂದಾಗ ಆ ಮಾತಿಗಿದ್ದ ತೂಕ ನನ್ನ ಬಾಯಲ್ಲಿ ಇರಲಿಲ್ಲ. ಅವಳು ಬೀನ್ಸ್ ಕೆಳಗಿಟ್ಟು ಪೂರ್ತಿ ಕೇಳಿದಳು.

"ನೀರ್ ತಂದ್ ಕೊಟ್ಳಾ ಆ ಹೆಂಗ್ಸ್? ಎಲ್ಲ ಕೇಂಡ್ ಮೇಲೂ?"

"ಕೊಟ್ಟಳಂತೆ."

ಅವಳು ಕಿಟಕಿಯ ಆಚೆ ನೋಡುತ್ತ ಕೂತಳು. ನನಗೆ ತಡೆಯಲಾಗಲಿಲ್ಲ. ಗಿರಾಕಿಗಳು ಇದ್ದರು, ಹುಡುಗರು ನೋಡುತ್ತಿದ್ದರು, ಯಾವುದೂ ಕಾಣಿಸಲಿಲ್ಲ. ಅಳುತ್ತಲೇ, "ನನ್ನನ್ನು ಕ್ಷಮಿಸ್ತೀಯಾ?" ಎಂದು ಕೇಳಿದೆ.

ಅವಳು ಎದ್ದು ಬೀನ್ಸಿನ ಬುಟ್ಟಿ ಕಂಕುಳಿಗೆ ಇಟ್ಟುಕೊಂಡಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ಬ್ಯಾಡ. ಬರುವ ಆದಿತ್ಯವಾರ ಇದನ್ನೇ ಮತ್ತೆ ಕೇಣಿ," ಎಂದು ಒಳಗೆ ಹೋದಳು.

ಇವತ್ತು ಗುರುವಾರ.